ದೀಪಾಲಿಯ ಪಾಸ್‌ವರ್ಡ್

ದೀಪಾಲಿಗೆ ತನ್ನದೇ ಆದ ಪಾಸ್‌ವರ್ಡ್ ಇರಲಿಲ್ಲ.

ಮೂಡಲಗಿಯ ಬಸ್‌ಸ್ಟ್ಯಾಂಡ್ ಎದುರು ಶಾಂತಿನಾಥ ಕಾಕಾನ ಡಿಟಿಪಿ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ತಾಯಿ ಯಮಕನಮರಡಿಯ ತವರು ಸೇರಿದಳು. ದೀಪಾಲಿ ಕಾಕಾನ ಮನೆಯಲ್ಲಿ ಉಳಿದು ಮೂರು ವರ್ಷದಿಂದ ಲಗ್ನಪತ್ರಿಕೆ ಮಾಡುತ್ತಿದ್ದಳು. ಅಂಚಿನ ಬಳ್ಳಿ, ಮೇಲಿನ ಕಲಶ, ಎದುರುಬದುರು ನಿಂತ ನವಿಲು, ಎಲ್ಲವನ್ನೂ ಅವಳೇ ಮೌಸ್ ಹಿಡಿದು ಬಿಡಿಸಿದ್ದು. ಆದರೆ ಕಂಪ್ಯೂಟರ್ ತೆರೆಯುತ್ತಿದ್ದುದು ಕಾಕಾನ ಮಗ ಅಭಿನಂದನನ ಹೆಸರಿನಿಂದ. ಪತ್ರಿಕೆಯ ಕೆಳಗೆ ಅಚ್ಚಾಗುತ್ತಿದ್ದುದೂ ಅವನದೇ ಹೆಸರು. ಅವಳು ಒಂದು ಸಾಲು ಟೈಪ್ ಮಾಡಿಟ್ಟರೂ ಅವನು ತೆರೆದು ಓದುತ್ತಿದ್ದ.

"ನಮ್ಮನಿ ಹುಡುಗಿ ಬರದದ್ದು ನಾ ನೋಡಿದ್ರ ಏನಾತು?" ಎನ್ನುತ್ತಿದ್ದ.

ಆ ಅಂಗಡಿಗೆ ವೈರಸ್ ಬಂದಾಗಲೆಲ್ಲ ಸೂರಜ ಬರುತ್ತಿದ್ದ. ಘೋಡಗೇರಿಯವನು, ಗೋಕಾಕದ ಹಾಸ್ಟೆಲಿನಲ್ಲಿದ್ದು ಬಿಸಿಎ ಓದುತ್ತಿದ್ದ. ಸುತ್ತಲಿನ ಅಂಗಡಿಗಳ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ ಪುಸ್ತಕದ ಖರ್ಚು ತೆಗೆಯುತ್ತಿದ್ದ. ಅವನು ಬಂದಾಗ ಕಾಕಾ ಚಹಾ ತರಿಸುತ್ತಿದ್ದ. ಎಲ್ಲರಿಗೂ ಗಾಜಿನ ಕಪ್ಪು, ಸೂರಜನಿಗೆ ಕಾಗದದ ಕಪ್ಪು.

ಮೊದಲ ಸಲ ಅದನ್ನು ಕಂಡ ದೀಪಾಲಿ ತನ್ನ ಗಾಜಿನ ಕಪ್ಪನ್ನು ಅವನತ್ತ ಸರಿಸಿ, ಕಾಗದದ ಕಪ್ಪು ತಾನು ಎತ್ತಿಕೊಂಡಳು.

"ಕರುಣೆ ಬ್ಯಾಡ್ರಿ ನನಗ," ಎಂದ ಸೂರಜ. ಅವನ ದವಡೆ ಬಿಗಿದಿತ್ತು.

"ಯಾರು ಕರುಣೆ ಮಾಡಿದ್ರು? ಇದರಾಗ ಚಾ ಜಾಸ್ತಿ ಹಿಡಿತೈತಿ."

ಅವನು ಕಂಪ್ಯೂಟರಿನ ಕಡೆ ತಿರುಗಿದ. ಆರಿದ ಪರದೆಯ ಕಪ್ಪು ಗಾಜಿನಲ್ಲಿ ಅವಳ ಮುಖ ಕಾಣುತ್ತಿತ್ತು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅದನ್ನೇ ನೋಡಿದ. ಅವಳು ಗಾಜಿನೊಳಗಿಂದಲೇ ಹುಬ್ಬು ಏರಿಸಿದಳು. ಸೂರಜ ಗಡಬಡಿಸಿ ಸ್ವಿಚ್ ಒತ್ತಿದ. ಪರದೆ ಬೆಳಗಿ ಅವಳ ಮುಖ ಅಳಿಸಿತು.

೨೦೦೬ರ ದೀಪಾವಳಿ ಮುಗಿದ ಮೇಲೆ ಹಾಸ್ಟೆಲಿಗೆ ಪರದೇಶದ ಲಕೋಟೆಯೊಂದು ಬಂತು. ವಾರ್ಡನ್ ಅದನ್ನು ಮೂಸಿ ನೋಡಿ, ಅಲುಗಾಡಿಸಿ ನೋಡಿ ಕೊಟ್ಟ. ಸೂರಜ ಇಂಟರ್ನೆಟ್‌ನಲ್ಲಿ ವಿಳಾಸ ಬರೆದು ಪುಕ್ಕಟೆ ತರಿಸಿಕೊಂಡ ಉಬುಂಟು ಸಿ.ಡಿ. ಅದು. ಮೂರು ಜನ ಕೈ ಹಿಡಿದು ವೃತ್ತ ಕಟ್ಟಿದ ಗುರುತು ಮೇಲಿತ್ತು.

"ಇದು ವಿಂಡೋಸ್ ಅಲ್ಲ, ಲಿನಕ್ಸ್, ಕಂಪ್ಯೂಟರ್ ನಡಸೂ ಬ್ಯಾರೆ ವ್ಯವಸ್ಥಾ," ಎಂದು ದೀಪಾಲಿಗೆ ಹೇಳಿದ. "ಹೊಸಬರಿಗೂ ನಡಸಾಕ ಬರೂ ಹಂಗ ಮಾಡ್ಯಾರ. ಇನ್‌ಸ್ಟಾಲ್ ಮಾಡಬೇಕಂತಿಲ್ಲ. ಸಿ.ಡಿ. ಹಾಕು, ಚಾಲೂ ಮಾಡು, ಸಾಕಾದ ಮ್ಯಾಲೆ ತಗಿ. ಮಶೀನಿನ್ಯಾಗ ಒಂದು ಗುರ್ತೂ ಉಳಿಯೂದಿಲ್ಲ."

"ಪಾಸ್‌ವರ್ಡ್?"

"ಕೇಳೂದ ಇಲ್ಲ."

"ಅಭಿನಂದನಗ ಕಾಣತೈತೇನು?"

"ಅವರಪ್ಪಗೂ ಕಾಣೂದಿಲ್ಲ."

ಅವಳು ಬಾಯಿಗೆ ಓಢಣಿ ಒತ್ತಿ ನಕ್ಕಳು.

ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ ಆಗಬೇಕು. ದೀಪಾಲಿ ಮೊದಲು ಉಂಡು ಬರುತ್ತಿದ್ದಳು, ಆಮೇಲೆ ಕಾಕಾ ಮತ್ತು ಅಭಿನಂದನ ಹೋಗುತ್ತಿದ್ದರು. ಈಗ ವೈರಸ್ ಇಲ್ಲದಿದ್ದರೂ ಸೂರಜ ಆ ಹೊತ್ತಿಗೆ ಗೋಕಾಕದ ಬಸ್ಸಿಗೆ ಬಂದಿಳಿಯುತ್ತಿದ್ದ. ಅವರು ಉಂಡು ಬರುವವರೆಗಿನ ಹೊತ್ತು ಸಿ.ಡಿ.ಯದು. ಕಂದು ಬಣ್ಣದ ಪರದೆ ನಿಧಾನಕ್ಕೆ ಅರಳುತ್ತಿತ್ತು. ಡೋಲು ಬಡಿದಂಥ ಸದ್ದಿಗೆ ಅವಳು ಮೊದಲ ದಿನ ಹೆದರಿ ಸ್ಪೀಕರಿನ ವೈರನ್ನೇ ಕಿತ್ತಿದ್ದಳು. ಬಾಗಿಲಲ್ಲಿ ಝೆರಾಕ್ಸ್ ಗಿರಾಕಿಗಳು ನಿಂತಿರುವಾಗ ಮಾತಾಡುವ ಹಾಗಿರಲಿಲ್ಲ. ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುತ್ತಿದ್ದರು, ಒಂದೇ ಕೀಬೋರ್ಡಿನಲ್ಲಿ, ಸರತಿಯಂತೆ.

"ಅಂಗಿ ಗುಂಡಿ ತಪ್ಪಿ ಹಾಕ್ಕೊಂಡೀರಿ," ಎಂದು ಅವಳು ಬರೆದಳು.

"ಗೊತ್ತೈತಿ. ನೀವು ನೋಡ್ತೀರೋ ಇಲ್ಲೋ ನೋಡಬೇಕಿತ್ತು," ಎಂದು ಅವನು ಬರೆದ.

"ದಿನಾ ನೋಡ್ತೀನಿ. ಗುಂಡಿ ಅಷ್ಟ ಅಲ್ಲ."

ಕೀಬೋರ್ಡಿನ ಮೇಲೆ ಅವನ ಬೆರಳು ಅವಳ ಬೆರಳಿನ ಬಾಜೂ ಬಂದು ನಿಂತಿತು. ಇಬ್ಬರೂ ಸರಿಸಲಿಲ್ಲ. ಓಣಿಯ ತಿರುವಿನಲ್ಲಿ ಅಭಿನಂದನನ ಸ್ಕೂಟರಿನ ಸಪ್ಪಳ ಕೇಳಿತು. ಸಿ.ಡಿ. ಹೊರಬಂತು.

"ನಿಮ್ಮ ಸೂರ್ಯ ಬಾಳ ಲಗೂ ಮುಳುಗ್ತಾನ," ಎಂದು ಗೊಣಗಿದ ಸೂರಜ.

ಹುಕ್ಕೇರಿಯ ಸುದ್ದಿ ತಂದವನು ಅವನೇ. ಅಲ್ಲಿಯ ಗೌರಕ್ಕನ ಪ್ರೆಸ್ಸಿನಲ್ಲಿ ಡಿಸೈನರ್ ಜಾಗ ಖಾಲಿ ಇತ್ತು. ಪಗಾರ ಕೈಗೆ ಬರುತ್ತದೆ, ಪತ್ರಿಕೆಯ ಮೇಲೆ ಮಾಡಿದವರ ಹೆಸರು ಬರುತ್ತದೆ. ಆದರೆ ಗೌರಕ್ಕ ಗಟ್ಟಿ ಹೆಂಗಸು. ಅಚ್ಚಾದ ಪತ್ರಿಕೆ ನೋಡಿ ನಂಬುವವಳಲ್ಲ. ಫೈಲು ತೆರೆದು, ಒಂದೊಂದೇ ಗೆರೆ ಬಿಚ್ಚಿ ತೋರಿಸಬೇಕು. ಸೋಮವಾರ ಬಾ ಎಂದು ಫೋನಿನಲ್ಲಿ ಹೇಳಿದ್ದಳು.

"ಅಲ್ಲಿ ಜಾಗಾ ಸಿಕ್ಕರ ಕಾಕಾ ನನಗ ವರ ಹುಡುಕೂದು ನಿಂದ್ರತೈತಿ," ಎಂದಳು ದೀಪಾಲಿ. "ನನ್ನ ಕಾಲ ಮ್ಯಾಲೆ ನಾ ನಿಂತಿದ್ರ, ಯಾರ ಬಾಜೂ ನಿಂತೀನಿ ಅಂತ ಯಾರೂ ಕೇಳಾಂಗಿಲ್ಲ."

ಶನಿವಾರ ಕಾಕಾ, ಅಭಿನಂದನ ಇಬ್ಬರೂ ಕಲ್ಲೋಳಿಗೆ ಲಗ್ನಕ್ಕೆ ಹೋದರು. ವಿನ್ಯಾಸಗಳನ್ನು ಕಾಪಿ ಮಾಡಲು ಸೂರಜ ಖಾಲಿ ಸಿ.ಡಿ. ತಂದಿದ್ದ. ಹೊತ್ತು ಇಳಿಯುತ್ತಿತ್ತು.

"ಉಂಡು ಬಂದು ಕಾಪಿ ಮಾಡ್ತೀನಿ," ಎಂದಳು. "ನೀ ಸುಮ್ನ ಕಾವಲು ಕೂಡು. ಏನೂ ಮುಟ್ಟಬ್ಯಾಡ."

ಅವನು ಮುಟ್ಟಿದ.

ಅವಳು ಬರುವುದರೊಳಗೆ ಅವಳ ಹೆಸರಿನ ಖಾತೆ ಇರಬೇಕು, ಅದು ಅವನ ಉಡುಗೊರೆ. ಉಬುಂಟು ಸಿ.ಡಿ. ಹಾಕಿ ಇನ್‌ಸ್ಟಾಲ್ ಒತ್ತಿದ. ಈ ಸೀಮೆಯ ಅಂಗಡಿಗಳಲ್ಲಿ ಫಾರ್ಮ್ಯಾಟ್ ಮಾಡುವವರಿಗೆಲ್ಲ ಗೊತ್ತಿದ್ದ ನೇಮ ಒಂದೇ: ಸಿ ಡ್ರೈವ್ ಒರೆಸು, ಡಿ ಡ್ರೈವಿಗೆ ಏನೂ ಆಗುವುದಿಲ್ಲ. ದೀಪಾಲಿಯ ಕೆಲಸವೆಲ್ಲ ಡಿಯಲ್ಲಿತ್ತು. ಆದರೆ ಇಲ್ಲಿ ಸಿ ಎಂದಾಗಲಿ ಡಿ ಎಂದಾಗಲಿ ಬರೆದಿರಲಿಲ್ಲ. ಇಡೀ ಡಿಸ್ಕ್ ಅಳಿಸಲೇ ಎಂದಷ್ಟೇ ಕೇಳಿತು. ಡಿಸ್ಕ್ ಅಂದರೆ ಸಿ, ಅದರ ವಿಂಡೋಸ್ ಆಮೇಲೆ ಮತ್ತೆ ಹಾಕಿದರಾಯಿತು ಎಂದುಕೊಂಡ. ಕೆಳಗೆ ಸ್ಪಷ್ಟವಾದ ಎಚ್ಚರಿಕೆ ಇತ್ತು, ಓದಲಿಲ್ಲ. ಹೆಸರು ಕೇಳಿದಲ್ಲಿ ದೀಪಾಲಿ ಎಂದು ಹೊಡೆದ. ಪಾಸ್‌ವರ್ಡ್ ಕೇಳಿದಲ್ಲಿ ಇಬ್ಬರ ಹೆಸರನ್ನೂ ಕೂಡಿಸಿ ಹೊಡೆದ.

ದೀಪಾಲಿ ಕೈ ಒರೆಸಿಕೊಳ್ಳುತ್ತ ಬಂದಳು. ಪರದೆಯ ಮೇಲೆ ತನ್ನ ಹೆಸರು ಕಂಡು ಅವಳ ಮುಖ ಅರಳಿತು. ಕುರ್ಚಿ ಎಳೆದುಕೊಂಡಳು.

"ಇದು ನಂದಾ?"

"ನಿಂದ."

"ಪಾಸ್‌ವರ್ಡ್?"

ಅವನು ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದ. ಅವಳ ಕಿವಿ ಕೆಂಪಾಯಿತು. ಆಮೇಲೆ ಮೌಸ್ ಹಿಡಿದು ಹುಡುಕತೊಡಗಿದಳು.

"ನನ್ನ ಡಿ ಡ್ರೈವ್ ಎಲ್ಲೈತಿ?"

ಸೂರಜ ಬಗ್ಗಿ ನೋಡಿದ. ಆ ಫೋಲ್ಡರ್ ತೆರೆದ, ಈ ಫೋಲ್ಡರ್ ತೆರೆದ. ಅವನ ಕತ್ತಿನ ಮೇಲೆ ಬೆವರು ಮೂಡಿತು. "ಇರಬೇಕು. ಡಿಗೆ ಏನೂ ಆಗಾಂಗಿಲ್ಲ..."

"ಎಲ್ಲೈತಿ ಅಂದೆ."

"ಹೋಗೇತಿ."

ಅವಳು ಚೀರಲಿಲ್ಲ. ಅವಳ ಧ್ವನಿ ಇಳಿಯಿತು, ಅದು ಚೀರಿದ್ದಕ್ಕಿಂತ ಕೆಟ್ಟದಾಗಿತ್ತು.

"ನಾ ಏನ ಹೇಳಿ ಹೋಗಿದ್ದೆ?"

"ನಿನಗಂತನ ಮಾಡಿದ್ನಿ..."

"ನನಗಂತ! ನನಗಂತ ಕಾಕಾ ಮನಿಯಾಗ ಇಟ್ಕೊಂಡಾನ. ನನಗಂತ ಅಭಿನಂದನ ನನ್ನ ಕೆಲಸಕ್ಕ ತನ್ನ ಹೆಸರು ಹಾಕ್ಯಾನ. ನೀನೂ ನನಗಂತ ಮಾಡಿದಿ. ಕೇಳಿದ್ದಿ ಏನು?"

"ದೀಪಾಲಿ, ನಿನ್ನ ಮ್ಯಾಲೆ ಜೀವ ಐತಿ ನನಗ."

"ಗೊತ್ತೈತಿ! ನನಗೂ ಐತಿ. ಅದಕ್ಕ ಇಷ್ಟು ಸಿಟ್ಟು ಬಂದೈತಿ. ಮತ್ತ ಪಾಸ್‌ವರ್ಡ್ ನೀನ ಇಟ್ಟಿ, ನಿನಗ ಗೊತ್ತೈತಿ. ನಂದು ಹೆಂಗ ಆತು ಅದು?"

ಅವಳು ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು.

"ಬದಲಿ ಮಾಡೂದು ಎಲ್ಲೈತಿ, ತೋರಿಸು."

ತೋರಿಸಿದ.

"ಇನ್ನ ಆ ಕಡೆ ಹೊಳ್ಳು."

ಸೂರಜ ಗೋಡೆಗೆ ಮುಖ ಮಾಡಿ ನಿಂತ. ಎದುರಿಗೆ ಬಸದಿಯ ಕ್ಯಾಲೆಂಡರ್ ಇತ್ತು. ಬೆನ್ನ ಹಿಂದೆ ಕೀಲಿಗಳು ಕಟಕಟ ಎಂದವು. ಎಷ್ಟು ಅಕ್ಷರ ಎಂದು ಎಣಿಸಬಹುದಿತ್ತು. ಎಣಿಸಬಾರದೆಂದು ಕ್ಯಾಲೆಂಡರಿನ ತಿಥಿಗಳನ್ನು ಗಟ್ಟಿಯಾಗಿ ಓದಿದ.

ಹಾಗೆ ಓದುತ್ತಿರುವಾಗಲೇ ಅಭಿನಂದನ ಬಾಗಿಲಿಗೆ ಬಂದ, ಹಿಂದೆ ಕಾಕಾ. ಅಭಿನಂದನ ಪರದೆಯ ಬಣ್ಣ ನೋಡಿದ, ಕೆಳಗೆ ಹೆಸರು ನೋಡಿದ.

"ಏನಿದು? ನನ್ನ ಫೈಲ್ ಎಲ್ಲಿ? ಪಾಸ್‌ವರ್ಡ್ ಹೇಳು."

"ಹೇಳೂದಿಲ್ಲ," ಎಂದಳು ದೀಪಾಲಿ.

"ನಾ ಮಾಡಿದ್ದು, ಆಕಿ ಅಲ್ಲ," ಎಂದು ಸೂರಜ ಮುಂದೆ ಬಂದ. "ತಪ್ಪಿ ಎಲ್ಲಾ ಅಳಿಸಿ ಹೋಗೇತಿ."

"ಇಂಥಾವರನ್ನ ಒಳಗ ಬಿಟ್ಟದ್ದ ತಪ್ಪು ನಮ್ದು," ಎಂದು ಅಭಿನಂದನ ಅವನ ಕೊರಳಪಟ್ಟಿ ಹಿಡಿದ. "ಹೊರಗ ಚಾ ಕುಡಿಸಿ ಹೊರಗ ಕಳಸಬೇಕಿತ್ತು."

ಸೂರಜನ ಮುಷ್ಟಿ ಏರಿತು. ದೀಪಾಲಿ ನಡುವೆ ಬಂದಳು.

"ಕೈ ತಗಿ, ಅಭಿನಂದನ. ಹೋದದ್ದು ನಂದು. ನಿನಗ ಒಂದು ನವಿಲು ಬರಿಯಾಕ ಬರತೈತೇನು? ಇವನ ಮ್ಯಾಲೆ ಸಿಟ್ಟು ಮಾಡೂ ಹಕ್ಕು ನನಗ ಅಷ್ಟ ಐತಿ, ಮಾಡೀನಿ, ಇನ್ನೂ ಮಾಡ್ತೀನಿ. ನೀ ಯಾವಾವ?"

ಅಭಿನಂದನನ ಕೈ ಸಡಿಲವಾಯಿತು. ಕಾಕಾ ಮೆಲ್ಲಗೆ ಹೇಳಿದ: "ದೀಪಾ, ಅವನ ಪರ ಮಾತಾಡಿದ್ರ ಇವತ್ತ ಮನಿಗೆ ಬರಬ್ಯಾಡ."

ಅವಳು ಬ್ಯಾಗು ಎತ್ತಿಕೊಂಡಳು. ಆ ಸಂಜೆಯ ಬಸ್ಸಿಗೆ ಯಮಕನಮರಡಿಗೆ, ತಾಯಿಯ ಬಳಿಗೆ ಹೋದಳು. ಬಸ್‌ಸ್ಟ್ಯಾಂಡಿನವರೆಗೆ ಹಿಂದೆ ಬಂದ ಸೂರಜನತ್ತ ತಿರುಗಿ ನೋಡಲಿಲ್ಲ.

ಸೋಮವಾರ ಬರಿಗೈಯಲ್ಲೇ ಹುಕ್ಕೇರಿಗೆ ಹೋದಳು. "ಫೈಲ್ ಇಲ್ರಿ ಅಕ್ಕಾರ. ಕಂಪ್ಯೂಟರ್ ಕೊಡ್ರಿ, ಇಲ್ಲೇ ಬಿಡಿಸಿ ತೋರಸ್ತೀನಿ," ಎಂದಳು.

ಗೌರಕ್ಕ ಕುರ್ಚಿ ತೋರಿಸಲಿಲ್ಲ. "ನಿಮ್ಮ ಅಭಿನಂದನ ಫೋನ್ ಮಾಡಿದ್ದ. ಮಶೀನ್ ಅಳಿಸಿ ಓಡಿ ಬಂದಾಕಿ ಅಂದ. ಖರೆನೋ ಸುಳ್ಳೋ, ನನಗ ಬ್ಯಾಡವಾ ಆ ಜಗಳ."

ಪ್ರೆಸ್ಸಿನ ಎದುರಿನ ಕಟ್ಟೆಯ ಮೇಲೆ ಸೂರಜ ಕುಳಿತಿದ್ದ. ಕಾಲೇಜು ಬಿಟ್ಟು ಬಂದಿದ್ದ. ಅವಳ ನಡಿಗೆ ನೋಡಿಯೇ ತಿಳಿದುಕೊಂಡು, ಎದ್ದು ಅವಳ ಹಿಂದೆ ನಡೆದ.

ಯಮಕನಮರಡಿಯ ಬಸ್ಸು ನಿಂತಿತ್ತು. ಅವಳು ಹತ್ತಿ ಮುಂದಿನ ಸೀಟಿನಲ್ಲಿ ಕುಳಿತಳು. ಅವನು ಹಿಂದೆ ಹೋಗಿ ನಿಂತ. ಬಸ್ಸಿನಲ್ಲಿ ಅವಳ ತಾಯಿಯ ಊರಿನ ಜನವೇ ತುಂಬಿತ್ತು. ಬಸ್ಸು ಹೊರಟಿತು.

"ಸೂರಜ," ಎಂದು ಅವಳು ಎಲ್ಲರಿಗೂ ಕೇಳುವಂತೆ ಕರೆದಳು. "ಇಲ್ಲಿ ಬಾ."

ಅವನು ಬಂದ. ತಲೆಗಳು ತಿರುಗಿದವು.

"ನಿಮ್ಮ ಮಂದಿ ನೋಡಾಕತ್ತಾರ," ಎಂದ.

"ನೋಡ್ಲಿ. ನನ್ನ ಸಿಟ್ಟು ಇನ್ನೂ ಇಳದಿಲ್ಲ."

"ಗೊತ್ತೈತಿ."

"ಇಳಿಯೂ ತನಕ ಬಾಜೂ ಕೂಡು."

"ಇಳದ ಮ್ಯಾಲೆ?"

"ಆವಾಗ ಏಳಬೇಕಂದ್ರ ಮೊದ್ಲ ನನ್ನ ಕೇಳಬೇಕು."

ಅವನು ಕುಳಿತ. ಅವತ್ತೂ ಅಂಗಿಯ ಗುಂಡಿ ತಪ್ಪಿ ಹಾಕಿದ್ದ, ಈ ಬಾರಿ ಬೇಕೆಂದು ಅಲ್ಲ. ಅವಳು ನೋಡಿದಳು, ತಾನೇ ಕೈ ಹಾಕಿ ಸರಿ ಮಾಡಿದಳು.

ಹೋದದ್ದು ಇಷ್ಟು: ಇಪ್ಪತ್ತಾರು ಲಗ್ನಪತ್ರಿಕೆಯ ವಿನ್ಯಾಸ, ಹುಕ್ಕೇರಿಯ ಒಂದು ನೌಕರಿ, ಕಾಕಾನ ಮನೆಯ ಒಂದು ಖೋಲಿ, ಮತ್ತು ಭಾನುವಾರ ಬೆಳಿಗ್ಗೆ ಬೇರೆ ಯಾರನ್ನೋ ಕರೆಸಿ ಅಭಿನಂದನ ಒರೆಸಿಬಿಟ್ಟ, ಅವಳೊಬ್ಬಳಿಗೇ ಗೊತ್ತಿದ್ದ ಒಂದು ಪಾಸ್‌ವರ್ಡ್.