ನಾಳೆಗನ್ನಡಿಯ ಭಾನುವಾರ

ಹಾಲೇಶನ ಮೇಜಿನ ಮೇಲೆ ಆ ಭಾನುವಾರ ಮೂರು ಸಾವಿರದ ನಾಲ್ಕುನೂರನೆಯ ಸಲ ನಡೆಯುತ್ತಿತ್ತು. ಒಂದರಲ್ಲಿ ನಾಲ್ಕು ವರ್ಷದ ಚಿರಂತ ಬಸ್ಸಿನಲ್ಲೇ ವಾಂತಿ ಮಾಡಿಕೊಂಡ. ಇನ್ನೊಂದರಲ್ಲಿ ಎಂಟು ವರ್ಷದ ಇಬ್ಬನಿ ನೀರಿನ ಜಾರುಬಂಡೆಯ ಸಾಲಿನಲ್ಲಿ ನಲವತ್ತು ನಿಮಿಷ ನಿಂತು ಮುಖ ಊದಿಸಿಕೊಂಡಳು. ಮತ್ತೊಂದರಲ್ಲಿ ಊಟದವರೆಗೂ ಎಲ್ಲ ಚೆನ್ನಾಗಿತ್ತು. ಆಮೇಲೆ ತಮ್ಮನ ಐಸ್‌ಕ್ರೀಂ ನೆಲಕ್ಕೆ ಬಿದ್ದು ಅಕ್ಕನಿಗೂ ಅವನಿಗೂ ಜಗಳವಾಯಿತು. ನಿಜವಾದ ಭಾನುವಾರಕ್ಕೆ ಇನ್ನೂ ಒಂಬತ್ತು ದಿನವಿತ್ತು. ಮಕ್ಕಳಿಬ್ಬರೂ ಆ ಹೊತ್ತಿನಲ್ಲಿ ಬೆಳಗಾವಿಯ ತಮ್ಮ ತಾಯಿಯ ಮನೆಯಲ್ಲಿ ಶಾಲೆಗೆ ಹೊರಡುತ್ತಿದ್ದರು.

ಊಟದ ಡಬ್ಬಿಯಷ್ಟು ದೊಡ್ಡದಾದ ಆ ಬೂದುಬಣ್ಣದ ಯಂತ್ರಕ್ಕೆ ಜನ ಇಟ್ಟ ಹೆಸರು ನಾಳೆಗನ್ನಡಿ. ಪುಟ್ಟ ಕ್ಯಾಮೆರಾ ಇದ್ದ ಅದರ ಕೈಪಟ್ಟಿಯನ್ನು ಮೂರು ವಾರ ಮಣಿಕಟ್ಟಿಗೆ ಕಟ್ಟಿಕೊಂಡರೆ ಸಾಕು. ನಾಡಿಬಡಿತ, ಚರ್ಮದ ಬೆವರು, ದನಿಯ ಏರಿಳಿತ, ಕಣ್ಣು ಎತ್ತ ಕಡೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೆಲ್ಲ ಕಲಿತು ಅದು ಆ ವ್ಯಕ್ತಿಯ ಪಡಿಯಚ್ಚೊಂದನ್ನು ಸಿದ್ಧಮಾಡುತ್ತಿತ್ತು. ಪಡಿಯಚ್ಚು ಎಂದರೆ ಮುಖದ ಚಿತ್ರವಲ್ಲ. ಈ ಮಗು ಯಾವಾಗ ಹಸಿಯುತ್ತದೆ, ಎಷ್ಟು ಬಿಸಿಲಿಗೆ ಸೋಲುತ್ತದೆ, ಯಾವುದಕ್ಕೆ ಹೆದರಿ ಯಾವುದಕ್ಕೆ ನಗುತ್ತದೆ ಎಂಬ ಲೆಕ್ಕ. ಬರಲಿರುವ ದಿನದ ಹವೆ, ದಾರಿ, ಜನಸಂದಣಿಯೊಳಗೆ ಈ ಪಡಿಯಚ್ಚುಗಳನ್ನು ಬಿಟ್ಟು ಅದು ಆ ದಿನವನ್ನು ಸಾವಿರಾರು ಸಲ ನಡೆಸಿ ನೋಡುತ್ತಿತ್ತು. ಪ್ರತಿ ಸಲವೂ ಮಕ್ಕಳ ನಲಿವು ಒಂದು ಹಸಿರು ಗೆರೆಯಾಗಿ ಏರಿಳಿಯುತ್ತಿತ್ತು. ಎಲ್ಲಕ್ಕಿಂತ ಎತ್ತರದ ಗೆರೆ ಸಿಕ್ಕ ದಿನವೇ ಯೋಜನೆ.

ನಾಳೆಗನ್ನಡಿ ಬಂದು ಆರು ವರ್ಷವಾಗಿತ್ತು. ಮದುವೆ, ಪ್ರವಾಸ, ಮಕ್ಕಳ ಹುಟ್ಟುಹಬ್ಬ ಯಾವುದನ್ನೂ ಅದನ್ನು ಕೇಳದೆ ಮಾಡುವವರು ಕಡಿಮೆಯಾಗಿದ್ದರು. ಚಿತ್ರದುರ್ಗದ ಬೆಟ್ಟಸಾಲಿನ ಮೇಲೆ, ಹಿಂದೆ ವಿದ್ಯುತ್ ಗಾಳಿಯಂತ್ರಗಳಿದ್ದ ಜಾಗದಲ್ಲಿ ಕಟ್ಟಿದ ಗಾಳಿಪುರವೆಂಬ ವಿನೋದವನಕ್ಕೆ ಬರುವ ಹತ್ತು ಕುಟುಂಬಗಳಲ್ಲಿ ಒಂಬತ್ತು ನಾಳೆಗನ್ನಡಿಯ ಯೋಜನೆ ಹಿಡಿದೇ ಬರುತ್ತಿದ್ದವು.

ಹಾಲೇಶ ದಾವಣಗೆರೆಯಲ್ಲಿ ಲಿಫ್ಟ್ ದುರಸ್ತಿಯ ಕೆಲಸದಲ್ಲಿದ್ದ. ಸುಚೇತಾಳಿಂದ ಬೇರೆಯಾಗಿ ಎರಡು ವರ್ಷವಾಗಿತ್ತು. ದಸರಾ ರಜೆಯಲ್ಲಿ ಎರಡು ದಿನ, ಬೇಸಿಗೆಯಲ್ಲಿ ಎರಡು ದಿನ ಮಕ್ಕಳು ಅವನ ಬಳಿ ಇರಬಹುದು. ಉಳಿದಂತೆ ಯಾವಾಗಲಾದರೊಂದು ಭಾನುವಾರ ಅವನೇ ಬೆಳಗಾವಿಗೆ ಹೋಗಿ ಒಂದೆರಡು ಗಂಟೆ ನೋಡಿಕೊಂಡು ಬರಬಹುದು. ಈ ದಸರೆಯ ಎರಡು ದಿನದಲ್ಲಿ ಒಂದು ಗಾಳಿಪುರಕ್ಕೆ ಎಂದು ಅವನು ತೀರ್ಮಾನಿಸಿದ್ದ. ಸುಚೇತಾ ತಕರಾರು ಮಾಡದೆ ಮಕ್ಕಳಿಗೆ ಕೈಪಟ್ಟಿ ಕಟ್ಟಿದಳು. ಹಾಲೇಶನೂ ಕಟ್ಟಿಕೊಂಡ.

ಯಂತ್ರ ಕುಂಯ್ ಎಂದು ನಿಂತಿತು. ಪರದೆಯ ಮೇಲೆ ತೊಂಬತ್ನಾಲ್ಕು ಎಂಬ ಅಂಕಿ ಬಂತು. ನೂರಕ್ಕೆ ತೊಂಬತ್ನಾಲ್ಕು! ಹಾಲೇಶ ಖುಷಿಯಿಂದ ಯೋಜನೆ ಓದತೊಡಗಿದ. ಏಳೂವರೆಗೆ ಬಸ್ಸು, ಎಡಗಡೆಯ ಸೀಟು. ಚಿರಂತನಿಗೆ ಇಡ್ಲಿ ಒಂದೇ, ಚಟ್ನಿ ಬೇಡ. ಹತ್ತು ಗಂಟೆಗೆ ಗಾಳಿಪುರದ ಬಾಗಿಲು. ಹತ್ತು ನಲವತ್ತಕ್ಕೆ ಮಕ್ಕಳನ್ನು ಆಟಗಳಿಗೆ ಕರೆದೊಯ್ಯುವ ವನದ ಜೊತೆಗಾತಿಗೆ ಒಪ್ಪಿಸುವುದು. ಅಲ್ಲಿಂದ ಸಂಜೆ ನಾಲ್ಕು ಇಪ್ಪತ್ತರವರೆಗೆ ಹೀಗಿತ್ತು: ತಂದೆ, ವಿರಾಮದ ಬೆಂಚು, ಸಂಖ್ಯೆ ಹನ್ನೆರಡು.

ಅವನು ಇನ್ನೊಂದು ಸಲ ಓದಿದ. ತನ್ನನ್ನು ಬೆಂಚಿನಿಂದ ಎಬ್ಬಿಸಿ ಮಕ್ಕಳ ಜೊತೆ ಸೇರಿಸಿ ದಿನವನ್ನು ಮತ್ತೆ ನಡೆಸಲು ಹೇಳಿದ. ಅಂಕಿ ಎಪ್ಪತ್ತೊಂದಕ್ಕೆ ಇಳಿಯಿತು. ಊಟದ ಹೊತ್ತಿಗೆ ಮಾತ್ರ ಸೇರಿಸಿದ. ಎಂಬತ್ತು. ಏನು ಮಾಡಿದರೂ ಅವನಿದ್ದಷ್ಟು ಹೊತ್ತು ಗೆರೆ ಕೆಳಗೇ ಇರುತ್ತಿತ್ತು.

ಮರುದಿನ ಹಾಲೇಶ ರಜೆ ಹಾಕಿ ಚಿತ್ರದುರ್ಗದ ಸಂಶೋಧನಾ ಕೇಂದ್ರಕ್ಕೆ ಹೋದ. ನಾಳೆಗನ್ನಡಿಯನ್ನು ಕಂಡುಹಿಡಿದ ಡಾ. ಮುಕ್ತಾಂಬ ಅಲ್ಲಿದ್ದರು. ಐವತ್ತರ ಹತ್ತಿರದ, ಒಂಟಿಯಾಗಿ ಬದುಕುವ ಹೆಂಗಸು. ದೂರು ಹೇಳಲು ಬಂದವರನ್ನು ತಾವೇ ಕೂರಿಸಿ ಮಾತಾಡಿಸುವುದು ಅವರ ಅಭ್ಯಾಸ.

"ಯಂತ್ರ ಕೆಟ್ಟೈತೆ ಮೇಡಂ," ಎಂದ ಹಾಲೇಶ.

"ಅಂಕಿ ಎಷ್ಟು ಬಂದಿದೆ?"

"ತೊಂಬತ್ನಾಲ್ಕು."

"ಕೆಟ್ಟಿದ್ರೆ ತೊಂಬತ್ನಾಲ್ಕು ಬರಲ್ಲ ಹಾಲೇಶ್."

"ನಾನು ಜೊತೆಗಿದ್ರೆ ಎಪ್ಪತ್ತೊಂದಕ್ಕೆ ಬೀಳ್ತದೆ. ನಾನೇನು ಮಕ್ಕಳನ್ನ ಹೊಡೀತೀನಾ, ಬೈತೀನಾ? ವರ್ಷಕ್ಕೆ ನಾಲ್ಕು ದಿನ ಸಿಗ್ತಾವೆ. ಜೀವಾನೇ ಇಟ್ಕೊಂಡಿದೀನಿ ಅವುಗಳ ಮೇಲೆ."

ಮುಕ್ತಾಂಬ ಅವನ ಯಂತ್ರವನ್ನು ತಮ್ಮ ಗಣಕಕ್ಕೆ ಜೋಡಿಸಿದರು. ಕೈಪಟ್ಟಿ ಕಟ್ಟಿದ ಮೂರು ವಾರದಲ್ಲಿ ಒಂದು ಭಾನುವಾರ ಹಾಲೇಶ ಬೆಳಗಾವಿಗೆ ಹೋಗಿ ಮಕ್ಕಳನ್ನು ಹೋಟೆಲಿಗೆ ಕರೆದೊಯ್ದಿದ್ದ. ಆ ದಿನದ ಗೆರೆಯನ್ನು ಅವರು ಹಿಗ್ಗಿಸಿ ತೋರಿಸಿದರು. ಗರಗಸದ ಹಲ್ಲಿನಂತೆ ಅದು ಕೆಳಗೆ ಮೇಲೆ ಆಡುತ್ತಿತ್ತು.

"ಇದು ನಿಮ್ಮ ಮಗಳದ್ದು. ಒಂದು ಗಂಟೇಲಿ ನೂರಾ ಎಪ್ಪತ್ತು ಸಲ ನಿಮ್ಮ ಮುಖ ನೋಡಿದಾಳೆ."

"ಅಪ್ಪ ಅಲ್ವಾ, ನೋಡ್ತಾಳೆ."

"ನೋಡ್ತಾಳೆ. ನೋಡಿದ ಪ್ರತಿ ಸಲ ಗೆರೆ ಇಳಿದಿದೆ, ಗಮನಿಸಿ." ಮುಕ್ತಾಂಬ ಗೆರೆಯ ಮೇಲೆ ಬೆರಳಿಟ್ಟು ಹೇಳಿದರು: "ಅವಳು ಖುಷಿಯಾಗಿದಾಳಾ ಇಲ್ವಾ ಅಂತ ನೀವು ನೋಡ್ತಾನೇ ಇರ್ತೀರಿ. ಅದು ಅವಳಿಗೆ ಗೊತ್ತಾಗ್ತದೆ. ಅಪ್ಪನಿಗೆ ಬೇಜಾರಾಗಬಾರದು ಅಂತ ನಗ್ತಾಳೆ. ಎಂಟು ವರ್ಷದ ಮಗುವಿಗೆ ಅದು ದೊಡ್ಡ ಕೆಲಸ."

"ಸಣ್ಣೋನು?"

"ಅವನು ಅಕ್ಕನ ಮುಖ ನೋಡ್ತಾನೆ."

ಹಾಲೇಶ ಆ ಗೆರೆಯ ಹಲ್ಲುಗಳನ್ನು ಒಂದೊಂದಾಗಿ ನೋಡಿದ. ಲಿಫ್ಟ್ ನಡುವೆ ನಿಂತರೆ ದೋಷ ಎಲ್ಲಿದೆಯೆಂದು ಹುಡುಕಿ ತೆಗೆಯುವುದು ಅವನ ಕಸುಬು. ಇಲ್ಲಿ ದೋಷ ಸಿಕ್ಕಿತ್ತು.

"ಹಂಗಾದ್ರೆ ದೂರ ಕೂತ್ಕೊಳ್ಳೋದೇ ಸರಿ ಅಂತೀರಾ?"

"ಸರಿ ತಪ್ಪು ಯಂತ್ರಕ್ಕೆ ಗೊತ್ತಿಲ್ಲ. ಗೆರೆ ಯಾವುದು ಎತ್ತರ ಅಂತಷ್ಟೇ ಗೊತ್ತು. ಅದು ಹೇಳಿದಂಗೇ ಮಾಡಬೇಕು ಅಂತೇನೂ ಇಲ್ಲ."

ಆದರೆ ಇಪ್ಪತ್ಮೂರು ಅಂಕಿಯಷ್ಟು ನಲಿವನ್ನು ಮಕ್ಕಳಿಂದ ಕಿತ್ತುಕೊಳ್ಳುವ ಧೈರ್ಯ ಹಾಲೇಶನಿಗೆ ಬರಲಿಲ್ಲ.

ಭಾನುವಾರ ಎಲ್ಲವೂ ಯೋಜನೆಯಂತೆಯೇ ನಡೆಯಿತು. ಎಡಗಡೆಯ ಸೀಟಿನಲ್ಲಿ ಚಿರಂತ ವಾಂತಿ ಮಾಡಿಕೊಳ್ಳಲಿಲ್ಲ. ಹತ್ತು ನಲವತ್ತಕ್ಕೆ ಹಳದಿ ಅಂಗಿಯ ಜೊತೆಗಾತಿ ನಗುತ್ತ ಬಂದು ಮಕ್ಕಳ ಕೈ ಹಿಡಿದಳು. ನಾಲ್ಕು ಹೆಜ್ಜೆ ಹೋದ ಮೇಲೆ ಇಬ್ಬನಿ ತಿರುಗಿ ನಿಂತಳು.

"ಅಪ್ಪಾ, ನೀನು ಬರಲ್ವಾ?"

"ನೀವು ಹೋಗಿ ಬರ್ರಮ್ಮ. ನಾನು ಇಲ್ಲೇ ಇರ್ತೀನಿ."

ಆ ಉತ್ತರವೂ ಯೋಜನೆಯಲ್ಲಿ ಬರೆದಿತ್ತು. ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ತಮ್ಮನನ್ನು ಎಳೆದುಕೊಂಡು ಓಡಿದಳು.

ವಿರಾಮದ ಬೆಂಚುಗಳು ಬಯಲಿನ ನಡುವೆ ಸಾಲಾಗಿದ್ದವು. ಪ್ರತಿ ಬೆಂಚಿಗೂ ಒಂದು ಪುಟ್ಟ ನೆರಳುಕೊಡೆ, ಮಡಿಲಿನ ಎತ್ತರಕ್ಕೆ ಒಂದು ಪರದೆ. ತಮ್ಮ ಮಕ್ಕಳ ಗೆರೆಯನ್ನು ತಂದೆತಾಯಿಗಳು ಅದರಲ್ಲಿ ನೋಡುತ್ತಿರಬಹುದು. ನೂರಾರು ಜನ ಕೂತಿದ್ದರು. ಮಾತು ಕೇಳುತ್ತಿರಲಿಲ್ಲ. ಹನ್ನೊಂದನೆಯ ಬೆಂಚಿನ ಹೆಂಗಸು ಒಮ್ಮೆ ಮಾತ್ರ ತಲೆಯೆತ್ತಿ, "ನಿಮ್ದೆಷ್ಟು?" ಎಂದು ಕೇಳಿದಳು.

"ತೊಂಬತ್ನಾಲ್ಕು."

"ನಮ್ದು ಎಂಬತ್ತೊಂಬತ್ತು," ಎಂದು ಅವಳು ಮತ್ತೆ ಪರದೆಗೆ ಬಗ್ಗಿದಳು.

ಹಾಲೇಶ ಚಪ್ಪಲಿ ಬಿಚ್ಚಿ ಕಾಲು ಚಾಚಿದ. ಮಕ್ಕಳ ಗೆರೆ ಏರುತ್ತಿತ್ತು. ನೀರಿನ ಜಾರುಬಂಡೆ, ಕನ್ನಡಿಯ ಗುಹೆ, ಪುಟ್ಟ ರೈಲು. ಒಂದೊಂದರಲ್ಲೂ ಎರಡು ಹಸಿರು ಗೆರೆಗಳು ಜೊತೆಯಾಗಿ ಚಿಮ್ಮುತ್ತಿದ್ದವು. ಅವನಿಗೂ ನಗು ಬರುತ್ತಿತ್ತು. ತಂದಿದ್ದ ಚಿತ್ರಾನ್ನವನ್ನು ಒಬ್ಬನೇ ತಿಂದ. ಕೈ ತೊಳೆಯಲು ಏಳಬೇಕೆನಿಸಿದರೂ ಗೆರೆ ತಪ್ಪಿಹೋಗುತ್ತದೆಂದು ಬಾಟಲಿಯ ನೀರಿನಲ್ಲೇ ಬೆರಳು ಒದ್ದೆ ಮಾಡಿಕೊಂಡ.

ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ಇಬ್ಬನಿಯ ಗೆರೆ ಥಟ್ಟನೆ ಕುಸಿಯಿತು. ಆಗ ಮಕ್ಕಳು ಗಾಳಿತೊಟ್ಟಿಲಿನಲ್ಲಿದ್ದರು. ಅದು ಹಳೆಯ ಗಾಳಿಯಂತ್ರದ ಕಂಬಕ್ಕೆ ತೊಟ್ಟಿಲುಗಳನ್ನು ತೂಗುಹಾಕಿ ಮಾಡಿದ ಎತ್ತರದ ಚಕ್ರ, ಮಕ್ಕಳಿಗೆ ಮಾತ್ರ. ಹೆದರಿದಳೇ? ಹಾಲೇಶ ಪರದೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಗೆರೆಯನ್ನು ಬೆರಳಿನಿಂದ ಹಿಗ್ಗಿಸಿ ನೋಡಿದ. ನಲವತ್ತು ಸೆಕೆಂಡಿನ ಬಳಿಕ ಅದು ನಿಧಾನವಾಗಿ ಮೇಲೇರಿತು. ಪರದೆಯ ಮೂಲೆಯಲ್ಲಿ, 'ಚಿಕ್ಕ ಏರುಪೇರು, ಗಮನಿಸಬೇಕಿಲ್ಲ' ಎಂದು ಬಂತು. ಅವನು ಉಸಿರುಬಿಟ್ಟ.

ನಾಲ್ಕು ಇಪ್ಪತ್ತಕ್ಕೆ ಮಕ್ಕಳು ಕೆಂಪಗೆ ಬೆವರಿ ಬಂದರು. "ಸಕ್ಕತ್ತಾಗಿತ್ತಪ್ಪಾ!" ಎಂದು ಚಿರಂತ ಕಾಲಿಗೆ ತೆಕ್ಕೆಬಿದ್ದ. ಇಬ್ಬನಿಯೂ ಚೆನ್ನಾಗಿತ್ತೆಂದಳು. ಬಸ್ಸಿನಲ್ಲಿ ಇಬ್ಬರೂ ಅವನ ಎರಡು ಭುಜಗಳಿಗೆ ಒರಗಿ ನಿದ್ದೆಹೋದರು. ಸೋಮವಾರ ಸುಚೇತಾ ಬಂದು ದಾವಣಗೆರೆಯ ನಿಲ್ದಾಣದಿಂದ ಅವರನ್ನು ಕರೆದೊಯ್ದಳು. ಭಾನುವಾರದ ಕೊನೆಯ ಅಂಕಿ ತೊಂಬತ್ಮೂರೂವರೆ ಆಗಿತ್ತು. ನಾಳೆಗನ್ನಡಿ ಅಷ್ಟು ನಿಖರವಾಗಿತ್ತು.

ಮೂರು ವಾರದ ನಂತರ ಡಾ. ಮುಕ್ತಾಂಬ ಅವರಿಂದ ಫೋನ್ ಬಂತು.

"ಗಾಳಿತೊಟ್ಟಿಲಲ್ಲಿ ನಿಮ್ಮ ಮಗಳ ಗೆರೆ ಬಿದ್ದಿತ್ತಲ್ಲ, ಅಂಥದ್ದೇ ನೂರಾರು ಮಕ್ಕಳಲ್ಲಿ ಕಾಣಿಸಿದೆ. ಎಲ್ಲಾ ಚಕ್ರದ ತುದೀಲಿದ್ದಾಗಲೇ. ಎತ್ತರದ ಹೆದರಿಕೆ ಅಲ್ಲ, ಹೆದರಿಕೆಗೆ ನಾಡಿ ಏರುತ್ತೆ, ಇದರಲ್ಲಿ ಏರಿಲ್ಲ. ಕಾರಣ ಗೊತ್ತಾಗ್ತಿಲ್ಲ. ಮಗಳ ಹತ್ರ ಒಂದ್ಮಾತು ಕೇಳ್ತೀರಾ?"

ಹಾಲೇಶ ಆ ಶನಿವಾರ ಬೆಳಗಾವಿಗೆ ವಿಡಿಯೊ ಕರೆ ಮಾಡಿದ. ಇಬ್ಬನಿ ಬಣ್ಣದ ಪೆನ್ಸಿಲ್ ಚೂಪುಮಾಡುತ್ತ ಮಾತಾಡಿದಳು.

"ಪುಟ್ಟಿ, ಗಾಳಿತೊಟ್ಟಿಲಲ್ಲಿ ಹೆದರಿಕೆ ಆಯ್ತೇನಮ್ಮ?"

"ಇಲ್ಲಪ್ಪ."

"ಮತ್ತೆ ಮೇಲೆ ಹೋದಾಗ ಬೇಜಾರಾಯ್ತಾ?"

ಅವಳು ಪೆನ್ಸಿಲ್ ಕೆಳಗಿಟ್ಟಳು. "ಮೇಲಿಂದ ನೀನು ಕಾಣ್ತಿದ್ದೆ. ಚಪ್ಪಲಿ ಬಿಟ್ಟು ಕೂತಿದ್ದೆ. ಒಬ್ನೇ."

"ಕರೀಬೇಕಿತ್ತು ನೀನು."

"ಅಷ್ಟು ದೂರ ಕೇಳಲ್ವಲ್ಲ. ಕೈ ಬೀಸಿದೆ. ಚಿರಂತನೂ ಬೀಸಿದ. ಪಕ್ಕದ ತೊಟ್ಟಿಲಿನ ಅಕ್ಕಾನೂ ಅವರಮ್ಮಂಗೆ ಬೀಸಿದ್ರು. ಯಾರೂ ನೋಡ್ಲೇ ಇಲ್ಲ. ನೀನು ಏನೋ ನೋಡ್ತಿದ್ದೆ."

ಹಾಲೇಶನಿಗೆ ತಾನು ಏನು ನೋಡುತ್ತಿದ್ದೆನೆಂಬುದು ನೆನಪಾಯಿತು. ಮಗಳು ಕೈ ಬೀಸುತ್ತಿದ್ದ ಆ ನಲವತ್ತು ಸೆಕೆಂಡು ಅವನು ಅವಳಿಗೇನಾಯಿತೋ ಎಂಬ ಆತಂಕದಲ್ಲಿ ಅವಳ ಗೆರೆಯನ್ನು ನೋಡುತ್ತಿದ್ದ.

"ಬಿಡಪ್ಪಾ, ಪರವಾಗಿಲ್ಲ," ಎಂದಳು ಇಬ್ಬನಿ. ಅವನ ಮುಖ ನೋಡಿಯೇ ಹೇಳಿದಳು.

ಮುಕ್ತಾಂಬ ಅವರಿಗೆ ಇದನ್ನು ಫೋನಿನಲ್ಲಿ ಹೇಳಲಾಗದೆ ಹಾಲೇಶ ಮತ್ತೆ ಚಿತ್ರದುರ್ಗಕ್ಕೆ ಹೋದ. ಕೇಳಿದ ಮೇಲೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡನೇ ಕ್ಲಾಸಲ್ಲಿದ್ದಾಗ ಶಾಲೆ ವಾರ್ಷಿಕೋತ್ಸವದಲ್ಲಿ ಕೋಲಾಟ ಆಡಿದ್ದೆ," ಎಂದರು. "ಅಪ್ಪ ಮೊದಲನೇ ಸಾಲಲ್ಲಿದ್ರು. ಪೂರ್ತಿ ವಿಡಿಯೊ ತೆಗೆದ್ರು. ಈಗಲೂ ಇದೆ ಅದು ನನ್ಹತ್ರ, ಚೆನ್ನಾಗಿ ಬಂದಿದೆ. ಆದ್ರೆ ಆವತ್ತು ವೇದಿಕೆ ಮೇಲಿಂದ ನನಗೆ ಅಪ್ಪನ ಮುಖ ಕಾಣ್ಲಿಲ್ಲ. ಅವರ ಮೊಬೈಲಿನ ಬೆನ್ನು ಕಾಣ್ತು. ಆಗಿನ ಕಾಲದಲ್ಲಿ ಎಲ್ಲರೂ ಹಂಗೇ. ಈ ಯಂತ್ರ ಮಾಡೋವಾಗ ನನಗೆ ಅದು ನೆನಪಿಗೇ ಬರ್ಲಿಲ್ಲ ನೋಡಿ."

ಅವರು ವಿನೋದವನದ ಆಡಳಿತಕ್ಕೆ ಒಂದು ವರದಿ ಬರೆದರು. ಬೆಂಚಿನ ಪರದೆಗಳನ್ನು ತೆಗೆದುಹಾಕಬೇಕು, ಮಕ್ಕಳು ಗಾಳಿತೊಟ್ಟಿಲು ಹತ್ತಿದಾಗ ಹೆತ್ತವರು ತಲೆಯೆತ್ತಿ ನೋಡುವಂತೆ ಒಂದು ಗಂಟೆ ಬಾರಿಸಬೇಕು ಎಂಬುದು ಅದರಲ್ಲಿದ್ದ ಸಲಹೆ. ಆಡಳಿತ ವರದಿಯನ್ನು ನಾಳೆಗನ್ನಡಿಗೇ ಕೊಟ್ಟು ಸಾವಿರಾರು ಸಲ ನಡೆಸಿ ನೋಡಿತು. ಅದಕ್ಕಿಂತ ಎತ್ತರದ ಗೆರೆ ಕೊಡುವ ಇನ್ನೊಂದು ದಾರಿ ಸಿಕ್ಕಿತು. ಬೆಂಚುಗಳು ಚಕ್ರದ ಮೇಲಿಂದ ಕಾಣಬಾರದು. ಎರಡು ತಿಂಗಳಲ್ಲಿ ಅವೆಲ್ಲ ಒಂದು ಎತ್ತರದ ಗೋಡೆಯ ಹಿಂದೆ ಹೋದವು. ಅಲ್ಲಿ ತಣ್ಣನೆಯ ಗಾಳಿಯಿತ್ತು, ಪರದೆಗಳು ಮೊದಲಿಗಿಂತ ದೊಡ್ಡವಿದ್ದವು. ಗೋಡೆಗೆ ಕಾಗದದ ಹೂವಿನ ಬಳ್ಳಿ ಹಬ್ಬಿಸಿದರು. ಕುಸಿತ ನಿಂತುಹೋಯಿತು. ಸರಾಸರಿ ಅಂಕಿ ತೊಂಬತ್ತೇಳಕ್ಕೆ ಏರಿತು. ಮುಕ್ತಾಂಬ ಕೇಂದ್ರದ ಕೆಲಸ ಬಿಟ್ಟರೆಂದು ಹಾಲೇಶನಿಗೆ ಆಮೇಲೆ ತಿಳಿಯಿತು.

ಬೇಸಿಗೆಯಲ್ಲಿ ಮಕ್ಕಳು ಬಂದಾಗ ಚಿರಂತ ಗಾಳಿಪುರಕ್ಕೇ ಹೋಗಬೇಕೆಂದು ಹಟಮಾಡಿದ. ಹಾಲೇಶ ಯೋಜನೆಯಿಲ್ಲದೆ ಹೊರಟ. ಬಲಗಡೆಯ ಸೀಟು ಸಿಕ್ಕಿತು, ಚಿರಂತ ವಾಂತಿ ಮಾಡಿಕೊಂಡ. ಸಾಲುಗಳಲ್ಲಿ ನಿಂತು ನಿಂತು ಮಧ್ಯಾಹ್ನದೊಳಗೆ ಎರಡೇ ಆಟ ಮುಗಿದವು. ಇಬ್ಬನಿ ಸಪ್ಪಗಿದ್ದಳು. ಅವಳು ತನ್ನ ಮುಖ ನೋಡಿದಾಗಲೆಲ್ಲ ಏನು ಮಾಡಬೇಕೆಂದು ಹಾಲೇಶನಿಗೆ ತಿಳಿಯುತ್ತಿರಲಿಲ್ಲ.

"ಬೇಜಾರಾ ಪುಟ್ಟಿ?"

"ಸ್ವಲ್ಪ," ಎಂದಳು. ಇಷ್ಟು ದಿನ ಅವಳು ಆ ಪ್ರಶ್ನೆಗೆ ಇಲ್ಲ ಎಂದೇ ಹೇಳುತ್ತಿದ್ದಳು.

"ನನಗೂ," ಎಂದ ಹಾಲೇಶ.

ಗಾಳಿತೊಟ್ಟಿಲಿನ ಸರದಿ ಬಂದಾಗ ಮಕ್ಕಳಿಬ್ಬರೂ ಒಂದು ತೊಟ್ಟಿಲು ಹತ್ತಿದರು. ಚಕ್ರ ತಿರುಗಿತು. ಹಾಲೇಶ ಬಯಲಿಗೆ ಬಂದು ನಿಂತ. ಬೆಂಚುಗಳು ಹೋಗಿ ಆ ಜಾಗವೆಲ್ಲ ಖಾಲಿಯಾಗಿತ್ತು. ಏಪ್ರಿಲ್ ಬಿಸಿಲಿನಲ್ಲಿ ಅಲ್ಲಿ ಅವನೊಬ್ಬನೇ. ಉಳಿದ ತಂದೆತಾಯಿಗಳೆಲ್ಲ ಗೋಡೆಯಾಚೆ ಇದ್ದರು. ಎಲ್ಲ ತೊಟ್ಟಿಲುಗಳೂ ಒಂದೇ ಬಣ್ಣದವು, ಕೆಳಗಿನಿಂದ ಮುಖಗಳು ಕಾಣುತ್ತಿರಲಿಲ್ಲ. ತನ್ನ ಮಕ್ಕಳು ಯಾವುದರಲ್ಲಿದ್ದಾರೆಂದು ತಿಳಿಯದೆ, ತುದಿಗೆ ಬಂದ ಪ್ರತಿ ತೊಟ್ಟಿಲಿಗೂ ಅವನು ಎರಡೂ ಕೈಯೆತ್ತಿ ಬೀಸಿದ. ಮೊದಲು ಒಂದು ತೊಟ್ಟಿಲಿನಿಂದ ಒಂದು ಪುಟ್ಟ ಕೈ ಹೊರಬಂತು. ಆಮೇಲೆ ಅದರ ಹಿಂದಿನದರಿಂದ, ಅದರ ಹಿಂದಿನದರಿಂದ. ಸ್ವಲ್ಪ ಹೊತ್ತಿನಲ್ಲಿ ಚಕ್ರದ ತುಂಬ, ಯಾರ ಯಾರದೋ ಮಕ್ಕಳು ಅವನತ್ತ ಕೈ ಬೀಸುತ್ತಿದ್ದರು.