ಸರೋಜಳ ಕಣ್ಣು ನೋಡಲು ಬಂದ ಡಾಕ್ಟರು

"ಅಯ್ಯೋ ಅತ್ತಿಗೆ, ಬಂದೇಬುಟ್ರು!"

ಪುಟ್ಟಲಕ್ಷ್ಮಿ ಗಡಬಡಿಸಿ ಕಾಫಿ ಲೋಟಗಳನ್ನು ತಟ್ಟೆಗೆ ಜೋಡಿಸಿದಳು.

ಎಪ್ಪತ್ತರ ದಶಕದ ಕೊನೆ. ಬಾಬುರಾಯನಕೊಪ್ಪಲಿನ ಆ ಮನೆಗೆ ಮೈಸೂರಿನ ಕಣ್ಣು ಡಾಕ್ಟರು ಹೊನ್ನಪ್ಪ ಹೊಸಬನೇನಲ್ಲ. ಪುಟ್ಟಲಕ್ಷ್ಮಿಯ ಅಣ್ಣನ ಮಗಳು, ಆರು ವರ್ಷದ ಸರೋಜಳ ಕಣ್ಣು ನೋಡಲು ಆಗಾಗ ಬರುತ್ತಿದ್ದ. ಆದರೆ, 'ಭಾನುವಾರ ಅವ್ವನ್ನೂ ಕರ್ಕೊಂಡು ಬರ್ತೀನಿ' ಎಂದು ಹೇಳಿ ಕಳಿಸಿದರೆ ಏನರ್ಥ? ಮದುವೆಯಾಗದ ಗಂಡು ಅವ್ವನ ಜೊತೆ ಬರುವುದು ಬರೀ ಕೇಸರಿಬಾತು ತಿನ್ನೋಕಾ? ಹೆಣ್ಣು ನೋಡೋಕೇ! ಹಾಗಂತ ಇಡೀ ಬೀದಿಯೇ ತೀರ್ಮಾನಿಸಿತ್ತು.

ರೇಷ್ಮೆ ಸೀರೆ, ಮೊಳ ಮಲ್ಲಿಗೆ, ಕೈಯಲ್ಲಿ ಕಾಫಿ ತಟ್ಟೆ... ಪುಟ್ಟಲಕ್ಷ್ಮಿ ತಲೆ ತಗ್ಗಿಸಿ ಬಂದಳು.

ಹೊನ್ನಪ್ಪ ಅವಳತ್ತ ಕಣ್ಣೆತ್ತಿಯೂ ನೋಡಲಿಲ್ಲ! ಸರೋಜಳ ಮುಚ್ಚಿದ ರೆಪ್ಪೆಗಳ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದ.

"ಇನ್ನೂ ಗಟ್ಟಿ ಅವೆ. ಎರಡು ಆಪರೇಷನ್ ಆದ್ರೂ ಒಳಗಿನ ಒತ್ತಡ ಇಳೀಲಿಲ್ಲ. ಮದ್ರಾಸಲ್ಲಿ ಲೇಸರ್ ಅಂತ, ಸುಟ್ಟು ವಾಸಿ ಮಾಡೋ ಹೊಸ ಯಂತ್ರ ಅದೆ. ಅಲ್ಲೇ ನಮ್ ಚಿಕ್ಕವ್ವನ ಮನೆ. ನೀವು ಉಳ್ಕೊಳ್ಳೋ ವಿಷ್ಯ ಮಾತಾಡೋಕೆ ಅವ್ವನ್ನ ಕರ್ಕಂಡ್ ಬಂದೆ."

ಅಷ್ಟೇನಾ?!

'ಭೂಮಿ ಬಾಯಿ ಬಿಡಬಾರದಾ...' ಪುಟ್ಟಲಕ್ಷ್ಮಿ ಅಡುಗೆಮನೆಗೆ ಓಡಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಮನಸ್ಸು ಎಂದೋ ಅವನ ಪಾಲಾಗಿತ್ತು, ಪಾಪ!

ಹೊರಗೆ ಸರೋಜಳ ತಾಯಿ ಇಂದ್ರಮ್ಮನ ಗೊಗ್ಗರು ದನಿ. "ಏನು? ನನ್ ಮಗೀನ ಕಣ್ಣು ಸುಡ್ತಾರಾ?"

"ಒಳಗೆ ನೀರು ಹುಟ್ಟೋ ಜಾಗವ ಬೆಳಕಿಂದ ಒಂಚೂರು ಸುಡ್ತಾರಕ್ಕ. ಗುಣ ಆಗೇ ಆಯ್ತದೆ ಅಂತ ಆಣೆ ಮಾಡಾಕಿಲ್ಲ. ಆದ್ರೆ ಸುಮ್ನಿದ್ರೆ ಇರೋ ನೋಟಾನೂ ಹೋಯ್ತದೆ."

"ಬ್ಯಾಡ! ಕಳ್ಸಾಕಿಲ್ಲ!"

ಊರೆಲ್ಲ ಸರೋಜಳ ದೊಡ್ಡ ಕಣ್ಣುಗಳನ್ನು ಚೆಂದವೆಂದು ಹೊಗಳಿ ದೃಷ್ಟಿಬೊಟ್ಟು ಇಡುತ್ತಿದ್ದಾಗ, ಅದು ಒಳಗಿನ ಒತ್ತಡಕ್ಕೆ ಕಣ್ಣು ಹಿಗ್ಗುವ ರೋಗವೆಂದು ಗುರುತಿಸಿದ್ದವನು ಹೊನ್ನಪ್ಪನೊಬ್ಬನೇ. ಅದು ಪುಟ್ಟಲಕ್ಷ್ಮಿಗೆ ಗೊತ್ತಿತ್ತು. 'ನನ್ನ ಮಾನ ಹೋದರೆ ಹೋಗಲಿ, ಮಗುವಿನ ಕಣ್ಣು ಹೋಗಬಾರದು!' ಕಣ್ಣೊರೆಸಿಕೊಂಡು ಹೊರಬಂದಳು.

"ಅತ್ತಿಗೆ, ಮಗೀನ ನಾನು ಕರ್ಕಂಡ್ ಹೋಯ್ತೀನಿ. ಹೇಳಿ ಡಾಕ್ಟ್ರೇ, ಯಾವತ್ತು ಹೊರಡಾದು?"

ಇಂದ್ರಮ್ಮ ನಾದಿನಿಯ ಮುಖ ನೋಡಿ ಗಳಗಳ ಅತ್ತಳು. ಕೊನೆಗೆ, "ಉಷಾರು ಕಣವ್ವ" ಎಂದಳು.

ಪುಟ್ಟಲಕ್ಷ್ಮಿ, ಅವಳ ಅಣ್ಣ, ಹೊನ್ನಪ್ಪ, ಅವನ ಅವ್ವ ತಿಮ್ಮಮ್ಮ, ಎಲ್ಲ ಕೂಡಿ ಸರೋಜಳನ್ನು ಮದ್ರಾಸಿಗೆ ಕರೆದೊಯ್ದರು. ಅಲ್ಲಿ ಪುಟ್ಟಲಕ್ಷ್ಮಿ ಹೊನ್ನಪ್ಪನ ಜೊತೆ ಅಳೆದು ಸುರಿದು, ಅಗತ್ಯವಿದ್ದಷ್ಟೇ ಮಾತಾಡಿದಳು. ಅವನೇನು ಕಮ್ಮಿಯೇ? ಅವನೂ ಬಿಗಿದುಕೊಂಡೇ ಇದ್ದ.

ಲೇಸರ್ ಮುಗಿಸಿ ಬಂದು ಕೆಲವು ವಾರಗಳಾದ ಮೇಲೆ, ಮೈಸೂರಿನ ಆಸ್ಪತ್ರೆಯಲ್ಲಿ ತಪಾಸಣೆ. ಪುಟ್ಟಲಕ್ಷ್ಮಿ ಸರೋಜಳ ಕೈ ಹಿಡಿದು ನಿಂತಿದ್ದಳು.

"ಒತ್ತಡ ಇಳಿದದೆ!" ಹೊನ್ನಪ್ಪ ಕೂಗಿಯೇಬಿಟ್ಟ.

ಪುಟ್ಟಲಕ್ಷ್ಮಿ ಸರೋಜಳನ್ನು ಬಾಚಿ ತಬ್ಬಿಕೊಂಡು ಕಿಟಕಿಯತ್ತ ತಿರುಗಿ ಬಿಕ್ಕಿದಳು. ಬೆಳಕು ಕಂಡರೆ ಮುಖ ಮುಚ್ಚಿಕೊಳ್ಳುತ್ತಿದ್ದ ಹುಡುಗಿ ಅತ್ತೆಯ ಹೆಗಲ ಮೇಲಿಂದ ಕೋಣೆಯ ಆ ತುದಿಯನ್ನು ದಿಟ್ಟಿಸಿದಳು. ಕಣ್ಣಿನ ಮಬ್ಬು ತಿಳಿಯಾಗಿತ್ತು.

"ಅತ್ತೆ, ಡಾಕ್ಟ್ರು ನಿನ್ನೇ ನೋಡ್ತಾವ್ರೆ ಕಣತ್ತೆ! ಅಳ್ತಾನೂ ಅವ್ರೆ!"

ಪುಟ್ಟಲಕ್ಷ್ಮಿ ಗಕ್ಕನೆ ತಿರುಗಿದಳು. ಹೌದು!

"ಆವತ್ತು ಒಂದ್ಸಲಾನೂ ನೋಡ್ಲಿಲ್ವಲ್ಲ ನೀವು..."

"ನೋಡಿದ್ರೆ ಬಾಯಿಂದ ಮಾತು ಹೊರಡ್ತಿರ್ಲಿಲ್ಲ ಪುಟ್ಟಲಕ್ಷ್ಮಿ. ಮಗೀನ ವಿಷ್ಯ ಮೊದ್ಲು ಹೇಳ್ಬೇಕಿತ್ತು. ಈಗ ಕೇಳ್ತೀನಿ... ನನ್ನ ಮದ್ವೆ ಆಯ್ತೀರಾ?"

ಅವಳ ಕೆನ್ನೆ ಕೆಂಪೇರಿತು. "ಆಯ್ತೀನಿ... ಮೊದ್ಲು ಮಗೀಗೆ ಡ್ರಾಪ್ಸ್ ಹಾಕಿ!"

"ಕೈ ನಡುಗ್ತಾ ಅದೆ," ಎಂದ ಡಾಕ್ಟರು. "ಇವತ್ತೊಂದಿನ ನೀವೇ ಹಾಕ್ಬುಡಿ."