ಪರದೆಯ ಹಿಂದಿನ ಒಂಬತ್ತನೇ ಮತ

"ಮೆಂಬರ್ ಶೇಖರಮ್ಮನವರು ಇದ್ದಾರೇನ್ರೀ?"

ಬಾಗಿಲಲ್ಲಿ ನಿಂತವನ ಬಗಲಲ್ಲಿ ಸುತ್ತಿದ ನಕ್ಷೆ, ಕೈಯಲ್ಲಿ ಅಳತೆಯ ಟೇಪು, ಹುಬ್ಬು ಮೀಸೆಗಳ ಮೇಲೆಲ್ಲ ಧೂಳು. ಶೇಖರಮ್ಮ ಸೇದಿದ ಕೊಡವನ್ನು ಬಾವಿಕಟ್ಟೆಯ ಮೇಲಿಟ್ಟು ಸೆರಗು ಸರಿಮಾಡಿಕೊಂಡಳು.

"ಹೂಂ, ಏನಾಗಬೇಕಿತ್ತು?"

"ಸ್ವಲ್ಪ ಕರೀರಿ. ನೀರಿನ ಓವರ್‌ಸಿಯರ್ ಕನಕರಾಯ ಬಂದಾನ ಅಂತ ಹೇಳ್ರಿ. ವಯಸ್ಸಾದವರು, ಹೊರಗ ಬರಾಕ ತ್ರಾಸಾದ್ರ ನಾನೇ ಒಳಗ ಬಂದು ಮಾತಾಡ್ತೀನಿ."

"ವಯಸ್ಸಾಗೇತಿ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಮೆಂಬರ್ ಅಂದಮ್ಯಾಲ ಆಗೇ ಆಗಿರತೈತಿ."

"ಇಪ್ಪತ್ತೇಳು ಆಗೇತಿ. ಹೇಳ್ರಿ, ಏನು ಕೆಲಸ?"

ಪಾಪ, ಅವನ ಕೈಯಿಂದ ಟೇಪು ಜಾರಿ ಬಿದ್ದು, ಅಂಗಳದ ತುಂಬ ಬಿಚ್ಚಿಕೊಳ್ಳುತ್ತ ಅವಳ ಕಾಲ ಬಳಿ ಬಂದು ನಿಂತಿತು. ಅವನು ಬಗ್ಗಿ ಸುತ್ತುತ್ತ ಸುತ್ತುತ್ತ ಅವಳ ಕಾಲುಂಗುರವಿಲ್ಲದ ಬೆರಳುಗಳ ತನಕ ಬಂದ. ಅಲ್ಲಿಂದ ತಲೆಯೆತ್ತಿ ನೋಡಿದಾಗ ಕಿವಿಯೆಲ್ಲ ಕೆಂಪಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಶೇಖರಮ್ಮನಿಗೆ ನಗು ಬರಲಿಲ್ಲ. ಇಲ್ಲಿ ನಗು ಬರಬೇಕಿತ್ತು ಎಂದು ಗೊತ್ತಾಯಿತು, ಅಷ್ಟೆ.

ಅವಳು ಹಾಗೇ ಆಗಿ ಏಳು ವರ್ಷವಾಗಿತ್ತು. ನಿಜಾಮನ ರಾಜ್ಯ ಮುಗಿದ ಆ ವಾರ ಲಿಂಗಸೂಗೂರಿನ ಬಜಾರದಲ್ಲಿ ಪಟಾಕಿ ಹೊಡೆಯುತ್ತಿದ್ದರು. ಮನೆಯೊಳಗೆ ಅವಳ ಗಂಡ ಬಸವಂತರಾಯ ವಿಷಮಜ್ವರದಲ್ಲಿ ಬೇಯುತ್ತಿದ್ದ. ರಾಯಚೂರಿನ ರಸ್ತೆ ಬಂದಾಗಿತ್ತು, ದವಾಖಾನೆಗೆ ಅವನನ್ನು ಒಯ್ದ ಬಂಡಿ ಅರ್ಧ ದಾರಿಗೆ ಹೋಗಿ ತಿರುಗಿ ಬಂತು. ಅವನು ಹೋದ ದಿನವೂ ಅವಳು ಅಳಲಿಲ್ಲ. ಆಮೇಲೆ ಅಳುವುದಕ್ಕೆ ಹೊತ್ತು ಮೀರಿತ್ತು. ಉಂಡರೆ ಉಪ್ಪು ತಿಳಿಯದು, ಸುಟ್ಟರೆ ಬಿಸಿ ತಿಳಿಯದು ಎನ್ನುವ ಹಾಗೆ ದಿನ ಕಳೆದವು.

ಮಾವ ದೊಡ್ಡಬಸಪ್ಪ ಕೆಟ್ಟವರೇನಲ್ಲ. ಬಜಾರದಲ್ಲಿ ದೊಡ್ಡ ಕಿರಾಣಿ ಅಂಗಡಿ, ಪುರಸಭೆಯ ಅಧ್ಯಕ್ಷಗಿರಿ. ಏಳು ವರ್ಷ ಸೊಸೆಗೆ ಒಂದು ಬಿರುಸು ಮಾತು ಆಡಿರಲಿಲ್ಲ. ಪುರಸಭೆಯಲ್ಲಿ ಹೆಣ್ಣುಮಕ್ಕಳಿಗೆಂದು ಒಂದು ಜಾಗ ಬಂದಾಗ ಮನೆಯಲ್ಲೇ ಒಬ್ಬಳಿದ್ದಾಳಲ್ಲ ಎಂದು ಅವಳ ಹೆಸರು ಬರೆಸಿದರು. ಎಂಟು ಗಂಡಸು ಮೆಂಬರರು ಮೇಜಿನ ಸುತ್ತ, ಒಂಬತ್ತನೆಯವಳು ಪಕ್ಕದ ಕೋಣೆಯ ಬಿದಿರಿನ ಪರದೆಯ ಹಿಂದೆ. ಮತ ಹಾಕುವ ಹೊತ್ತಿಗೆ ಮಾವನವರು ಕುಳಿತಲ್ಲಿಂದಲೇ, "ನಂದೂ ಹೌದು, ನಮ್ಮ ಸೊಸೀದೂ ಹೌದು," ಎನ್ನುವರು. ಸೆಕ್ರೆಟರಿ ಮೌಲಾಹುಸೇನ ಎರಡೂ ಬರೆದುಕೊಳ್ಳುವನು. ಪರದೆಯ ಹಿಂದೆ ಅವಳು ಹತ್ತಿ ಹಿಂಜಿ ಬತ್ತಿ ಹೊಸೆಯುವಳು.

ಕನಕರಾಯ ಬಂದ ಕೆಲಸ ಇದು. ಊರಿಗೆ ನಳ ಬರುವುದಿತ್ತು. ಪೈಪು ಸರ್ಕಾರದ್ದು, ಅಗೆಯುವ ಮೈ ಊರವರದ್ದು, ಮನೆಗೊಂದು ಆಳು. ಆದರೆ ಬಂದ ಪೈಪು ಈ ವರ್ಷ ಒಂದೇ ದಿಕ್ಕಿಗೆ ಸಾಕು. ಬಜಾರಿಗೋ, ಕೆಳಗಿನ ಓಣಿಗೋ ಎಂದು ಪುರಸಭೆ ಠರಾವು ಮಾಡಬೇಕು. ಅದಕ್ಕೆ ಮೊದಲು ಮನೆಮನೆಗೆ ಹೋಗಿ ಎಷ್ಟು ಕೊಡ ಬೇಕು, ಯಾರು ಅಗೆಯಲು ಬರುತ್ತಾರೆ ಎಂದು ಕೇಳಿ ಬರೆಯಬೇಕು.

"ನಾ ಒಬ್ಬನೇ ಹೋದ್ರ ಹೆಣ್ಮಕ್ಕಳು ಬಾಗಲಾ ಹಾಕ್ಕೊಂತಾರ. ಮೆಂಬರ್ ಜೊತಿಗಿದ್ರ ಮಾತಾಡ್ತಾರ. ಬರ್ತೀರೇನ್ರೀ?"

ಒಳಗಿನಿಂದ ಅತ್ತೆ ಪಾರ್ವತೆಮ್ಮನೇ, "ಹೋಗಿ ಬಾ. ಹೊರಗಿನ ಗಾಳಿಯರ ತಾಗಲಿ," ಎಂದರು.

ಒಂದು ತಿಂಗಳು ತಿರುಗಿದರು. ಅವನು ಟೇಪಿನ ಒಂದು ತುದಿ ಅವಳ ಕೈಗೆ ಕೊಟ್ಟು ಓಣಿಯ ಆ ತುದಿಗೆ ನಡೆದುಹೋಗುವನು. ನಡುವೆ ನೂರು ಅಡಿ ಟೇಪು ಬಿಗಿಯಾಗಿ ನಿಲ್ಲುವುದು. ಅಷ್ಟು ದೂರದಿಂದ ಅವನು, "ಹಿಡಿದೀರೇನ್ರೀ?" ಎಂದು ಕೂಗುವನು. "ಹಿಡಿದೀನಿ," ಎಂದು ಇವಳು. ಅಂಕಿ ಬರೆದುಕೊಂಡಾದ ಮೇಲೂ ಅವನು ಇನ್ನೊಂದು ಗಳಿಗೆ ಟೇಪು ಹಿಡಿದೇ ನಿಂತಿರುತ್ತಿದ್ದ.

"ಅಳತಿ ಮುಗೀಲಿಲ್ಲೇನು?" ಎಂದು ಒಂದು ದಿನ ಕೇಳಿದಳು.

"ಮುಗದೈತಿ. ನೀವು ಒಂದು ಸಲಾನೂ ನಗಲಿಲ್ಲಲ್ಲ, ದೂರದಿಂದಾರ ನಗ್ತೀರೇನೋ ಅಂತ ನೋಡಾಕತ್ತೀನಿ."

"ನಂಗ ನಗು ಬರಂಗಿಲ್ರೀ."

"ಬರಂಗಿಲ್ಲಂದ್ರ ಬ್ಯಾಡ ಬಿಡ್ರಿ. ಅದಕ್ಕೇನು ಮನೀಗೊಂದು ಆಳು ಹಚ್ಚಿ ಅಗಿಸಾಕ ಬರತೈತೇನು?"

ಆ ಮಾತಿಗೆ ಅವಳ ತುಟಿಯ ಒಂದು ಮೂಲೆ ಅಲುಗಿತು. ಅವನು ಅದನ್ನು ಕಂಡ. ಕಂಡೂ ಕಾಣದವನಂತೆ ತಲೆ ಬಗ್ಗಿಸಿ ನಕ್ಷೆಯಲ್ಲಿ ಎಂಥದೋ ಗೆರೆ ಎಳೆದ. ಆಮೇಲೆ ನೋಡಿದರೆ ಆ ಗೆರೆ ಯಾರದೋ ಅಡುಗೆಮನೆಯ ನಡುವೆ ಹಾದುಹೋಗಿತ್ತು.

ಕೆಳಗಿನ ಓಣಿಯಲ್ಲಿ ಹಸೀನಾಬೀ ಎಂಬ ಮುದುಕಿ ಇಬ್ಬರಿಗೂ ಚಾಪೆ ಹಾಕಿದಳು. "ನಮ್ಮ ಓಣ್ಯಾಗ ಬಾವಿನೇ ಇಲ್ಲವ್ವಾ. ಮ್ಯಾಲಿನ ಬಾವಿಗೆ ಹೋಗ್ತೀವಿ. ಎಲ್ಲಾರದೂ ಆದಮ್ಯಾಲ ನಮ್ಮ ಪಾಳಿ. ಮುಂಜಾನಿ ಹೋದಾಕಿ ಮಧ್ಯಾಹ್ನಕ್ಕ ಬರ್ತೀನಿ, ಅದೂ ಅರ್ಧ ಕೊಡ." ಅವಳು ಅತ್ತು ಕರೆದು ಹೇಳಲಿಲ್ಲ. ಜೋಳದ ರಾಶಿ ಹೇಗಾಯಿತು ಎಂದು ಹೇಳುವ ಹಾಗೆ ಹೇಳಿದಳು. ಕನಕರಾಯ ಬರೆಯುವುದನ್ನು ನಿಲ್ಲಿಸಿ ಶೇಖರಮ್ಮನನ್ನು ನೋಡಿದ. ಶೇಖರಮ್ಮ ತನ್ನ ಮನೆಯಂಗಳದ ಬಾವಿಯನ್ನು ನೆನೆದಳು. ಮನಸ್ಸಿಗೆ ಏನೂ ಆಗಲಿಲ್ಲ. ಏನಾದರೂ ಆಗಬಾರದೇ ಎಂದು ಮೊದಲ ಬಾರಿಗೆ ಅನ್ನಿಸಿತು.

ಅದಾದ ಮರುದಿನದಿಂದಲೇ ಅವನು ಬರುವುದು ನಿಂತಿತು. ಒಂದು ದಿನ, ಎರಡು ದಿನ, ವಾರ, ಎರಡು ವಾರ. ಬಜಾರದಲ್ಲಿ ಎದುರಾದರೆ ನಮಸ್ಕಾರ ಹಾಕಿ, ಹೆಗಲ ಮೇಲಿನ ನಕ್ಷೆ ಸರಿಮಾಡಿಕೊಂಡು ದಾಟಿ ಹೋಗುವನು. ಕೆಲಸ ಮುಗಿಯಿತು, ಗುರುತೂ ಮುಗಿಯಿತು ಎಂದುಕೊಂಡಳು. ಆದರೂ ಅವನು ಬರುತ್ತಿದ್ದ ಹೊತ್ತು, ಸಂಜೆ ಐದಕ್ಕೆ, ಕಾಲುಗಳು ತಾವಾಗಿ ಬಾಗಿಲಿಗೆ ಹೋಗುತ್ತಿದ್ದವು. ಅಲ್ಲಿ ನಿಂತು ಯಾಕೆ ಬಂದೆ ಎಂದು ತನ್ನನ್ನೇ ಕೇಳಿಕೊಂಡು ತಿರುಗಿ ಬರುತ್ತಿದ್ದಳು.

ಮೀಟಿಂಗಿನ ಹಿಂದಿನ ದಿನ ಉಣ್ಣುತ್ತ ಮಾವನವರು ಹೇಳಿದರು. "ನಾಳೆ ಬಜಾರಿನ ಕಡೀಗೆ ಠರಾವು ಆಗಬೇಕು. ನಾವು ನಾಲ್ಕು ಮಂದಿ, ಅವರು ನಾಲ್ಕು ಮಂದಿ. ನಿಂದು ಐದನೇದು. ನೀ ಒಳಗ ಕುಂದ್ರು ಸಾಕು, ನಾ ಹೇಳ್ತೀನಿ." ತುಸು ತಡೆದು, "ಆ ಓವರ್‌ಸಿಯರ್ ಜೊತಿ ತಿರುಗಿದ್ದಕ್ಕ ಮಂದಿ ಮಾತಾಡಾಕತ್ತಾರ. ನಾ ಕಿವ್ಯಾಗ ಹಾಕ್ಕೊಂಡಿಲ್ಲ. ಆದ್ರ ಈ ಮನ್ಯಾಗ ಇರೋತನಕ ಈ ಮನೀ ಮಾತು ಒಂದಾಗಿರಬೇಕು, ಏನವ್ವಾ?" ಎಂದರು.

"ಹೂಂರಿ," ಎಂದಳು. ಅದರ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಾತು ಎರಡಾದರೆ ಮನೆಯೂ ಎರಡು.

ಆದರೆ ಮಾವನವರು ಒಂದು ಮರೆತಿದ್ದರು. ಹೋದ ತಿಂಗಳು ಎದುರು ಕಡೆಯ ಒಬ್ಬ ಮುದುಕ ಮೆಂಬರ್ ಹಾಸಿಗೆ ಹಿಡಿದಾಗ ಅವನ ಮಗ ಅಪ್ಪನ ಮತ ಹಾಕಲು ಬಂದಿದ್ದ. ದೊಡ್ಡಬಸಪ್ಪ ಮೇಜು ಗುದ್ದಿ ಎದ್ದು ನಿಂತು, "ಮತ ಏನು ಹೊಲ ಮನಿಯೇನು, ಅಪ್ಪಂದು ಮಗಗ ಬರಾಕ? ಅವರವರ ಕೈ ಅವರವರೇ ಎತ್ತಬೇಕು, ಎಲ್ಲಾರ ಕಣ್ಣಿಗೂ ಕಾಣಬೇಕು!" ಎಂದು ಗದ್ದಲ ಹಾಕಿ ಠರಾವೇ ಮಾಡಿಸಿದ್ದರು. ಪರದೆಯ ಹಿಂದಿನ ಸೊಸೆಗೂ ಒಂದು ಕೈ ಇದೆ ಎಂಬುದು ಅವರ ತಲೆಗೇ ಹೊಳೆದಿರಲಿಲ್ಲ. ತಮ್ಮದೇ ಎಡಗೈಯನ್ನು ಯಾರಾದರೂ ಬೇರೆಯಾಗಿ ಎಣಿಸುತ್ತಾರೆಯೇ?

ಮೀಟಿಂಗಿನ ದಿನ ಆ ಕಡೆಯವರು ಹಾಸಿಗೆ ಹಿಡಿದ ಮುದುಕನನ್ನು ಮಂಚದ ಸಮೇತ ಹೊತ್ತು ತಂದು ಸಭೆಯ ನಡುವೆ ಇಳಿಸಿದರು. ಕನಕರಾಯ ನಕ್ಷೆ ತೋರಿಸಿ, ಎರಡೂ ದಿಕ್ಕಿನ ಅಂಕಿ ಓದಿ, ಮೂಲೆಯ ಸ್ಟೂಲಿನ ಮೇಲೆ ಹೋಗಿ ಕುಳಿತ. ಬಜಾರಿನ ಪರವಾಗಿ ನಾಲ್ಕು ಕೈ ಎದ್ದವು.

"ನಮ್ಮ ಸೊಸೀದೂ ಹೌದು," ಎಂದರು ದೊಡ್ಡಬಸಪ್ಪ.

ಮೌಲಾಹುಸೇನ ಲೇಖನಿ ಕೆಳಗಿಟ್ಟು ಕೆಮ್ಮಿದ. "ಮಾಫ್ ಮಾಡ್ರಿ ಸಾವ್ಕಾರ್ರ. ಹೋದ ತಿಂಗಳ ಠರಾವು ಐತಲ್ಲ... ನೀವೇ ಮಾಡಿಸಿದ್ದು. ಕೈ ಕಣ್ಣಿಗೆ ಕಾಣಬೇಕು."

ಮಂಚದ ಮೇಲಿನ ಮುದುಕ ಮಲಗಿದಲ್ಲಿಯೇ ಖೊಕ್ ಎಂದು ನಕ್ಕ. ದೊಡ್ಡಬಸಪ್ಪ ಕೈ ಝಾಡಿಸಿ, "ಎತ್ರಿ ಆ ಪರದೀ, ಎತ್ರಿ. ಅದಕ್ಕೇನಂತ!" ಎಂದರು.

ಜವಾನ ಪರದೆ ಸುತ್ತಿ ಮೇಲೆ ಕಟ್ಟಿದ. ಎಂಟು ಗಂಡಸರು ಸಭೆಯಲ್ಲಿ ಮೊದಲ ಸಲ ತಮ್ಮ ಒಂಬತ್ತನೇ ಮೆಂಬರನ್ನು ನೋಡಿದರು. ಅವಳ ಮಡಿಲಲ್ಲಿ ಹತ್ತಿ ಇತ್ತು.

"ಬಜಾರಿನ ಪರ ಇರೋರು?" ಎಂದ ಮೌಲಾಹುಸೇನ.

ಅವಳು ಮೂಲೆಯ ಸ್ಟೂಲಿನ ಕಡೆ ನೋಡಿದಳು. ಕೋಣೆಯಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು, ಅವನೊಬ್ಬ ನೆಲ ನೋಡುತ್ತಿದ್ದ. ನೂರು ಅಡಿ ದೂರದಿಂದ ಅವಳ ಮುಖದಲ್ಲಿ ನಗು ಹುಡುಕಿದವನು ಇವತ್ತು ಹತ್ತು ಅಡಿಯಲ್ಲಿ ಕುಳಿತು ನೆಲದ ಫರಸಿಕಲ್ಲುಗಳ ಗೆರೆ ಎಣಿಸುತ್ತಿದ್ದ. ಅವಳ ಕೈ ಹತ್ತಿಯ ಮೇಲೆ ಬಿದ್ದುಕೊಂಡಿತ್ತು. ಏಳಲಿಲ್ಲ.

"ಕೆಳಗಿನ ಓಣಿ ಪರ ಇರೋರು?"

ನಾಲ್ಕು ಕೈ. ಮಂಚದಿಂದ ಎದ್ದದ್ದೂ ಸೇರಿ ನಾಲ್ಕು. ಆಮೇಲೆ ಐದನೆಯದು. ಅದು ತನ್ನದೇ ಕೈ ಎಂದು ಬಳೆಯಿಲ್ಲದ ಮಣಿಕಟ್ಟು ನೋಡಿ ಶೇಖರಮ್ಮನಿಗೆ ಗೊತ್ತಾಯಿತು. ಆಗ ಕನಕರಾಯ ಮುಖ ಎತ್ತಿದ. ಅಯ್ಯೋ, ಆ ಮುಖ! ಕಣ್ಣು ತುಂಬಿಕೊಂಡು, ಬಾಯಿ ಅರ್ಧ ತೆರೆದು, ಹಬ್ಬದ ದಿನ ದಾರಿ ತಪ್ಪಿ, ಕೊನೆಗೆ ಮನೆ ಸಿಕ್ಕವರ ಹಾಗೆ ಇತ್ತು.

ಮನೆಯಲ್ಲಿ ಮಾವನವರು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. "ನಿನ್ನ ಮ್ಯಾಲ ನಂಗ ಸಿಟ್ಟಿಲ್ಲ. ಬಜಾರದಾಗ ತಲಿ ಎತ್ತಿ ತಿರುಗಾಕ ಮಾತ್ರ ಆಗವಲ್ದು. ಮುಂಜಾನಿ ಬಸ್ಸಿಗೆ ಮಸ್ಕಿಗೆ ಹೋಗು, ನಿಮ್ಮ ಅಣ್ಣನ ಮನ್ಯಾಗ ಇರು," ಎಂದರು. ಬೆಳಿಗ್ಗೆ ಪಾರ್ವತೆಮ್ಮ ರೊಟ್ಟಿ ಕಟ್ಟಿಕೊಟ್ಟರು. ಮುಖ ತಿರುಗಿಸಿಕೊಂಡೇ ಶೇಂಗಾ ಹಿಂಡಿಯ ಇನ್ನೊಂದು ಗಂಟು ತುರುಕಿದರು. ಶೇಖರಮ್ಮ ಇಬ್ಬರ ಕಾಲಿಗೂ ಬಿದ್ದು ಹೊರಟಳು. ಹೊಸ್ತಿಲು ದಾಟಿದಳು. ಎದೆಯಲ್ಲಿ ಏನೂ ಇರಲಿಲ್ಲ.

ಬಸ್ ನಿಲ್ದಾಣದ ದಾರಿ ಕೆಳಗಿನ ಓಣಿಯ ಮುಂದೆಯೇ. ಹಸೀನಾಬೀ ಓಡಿ ಬಂದು ಅವಳ ರಟ್ಟೆ ಹಿಡಿದಳು.

"ಎಲ್ಲಿ ಹೊಂಟೀಯವ್ವಾ? ಮೆಂಬರ್ ಬಂದು ನಿಲ್ಲದ ಹೊರತು ಗುದ್ದಲಿ ಹಾಕಂಗಿಲ್ಲ ಅಂತ ಓವರ್‌ಸಿಯರ್ ಸಾಬ್ರು ಹಟಾ ಹಿಡದು ಕುಂತಾರ. ನಲವತ್ತು ಆಳು ಸುಮ್ನ ಬೀಡಿ ಸೇದಾಕತ್ತಾರ, ನೋಡು ಬಾ!"

ಬಂದು ನಿಂತಳು. ಸುಣ್ಣದ ಗೆರೆಯ ಮೇಲೆ ನಲವತ್ತು ಗುದ್ದಲಿ ಒಟ್ಟಿಗೆ ಬಿದ್ದವು. ಗದ್ದಲದ ನಡುವೆ ಕನಕರಾಯ ಅವಳ ಕೈಯ ಗಂಟು ನೋಡಿದ, ಮುಖ ನೋಡಿದ, ಎಲ್ಲ ತಿಳಿದುಕೊಂಡ. ಹಸೀನಾಬೀಯ ಅಂಗಳದ ಬೇವಿನ ಕೆಳಗೆ ಇಬ್ಬರೇ ನಿಂತರು.

"ನಿನ್ನೆ ಯಾಕ ನೆಲ ನೋಡ್ತಿದ್ರಿ?" ಎಂದು ಅವಳೇ ಕೇಳಿದಳು.

"ನಿಮ್ಮನ್ನ ನೋಡಿದ್ರ, ಓವರ್‌ಸಿಯರ್ ಕಣ್ಣಸನ್ನಿ ಮಾಡಿದ, ಅಕೀ ಕೈ ಎತ್ತಿದಳು ಅಂತಿದ್ರು. ನಿಮ್ಮ ಮತ ನಿಮ್ಮದಾಗಿರಬೇಕಿತ್ತು. ಹದಿನೈದು ದಿನ ನಿಮ್ಮ ಬಾಗಲಿಗೆ ಬರಲಿಲ್ಲಲ್ಲ, ಅದಕ್ಕಾ. ಎಷ್ಟು ಕಷ್ಟ ಆತು ಅಂತ ಆ ದೇವರಿಗೇ ಗೊತ್ತು."

ಶೇಖರಮ್ಮ ಅಂಗಳದಾಚೆ ನಿಂತ ಹಸೀನಾಬೀಯತ್ತ ಒಮ್ಮೆ ನೋಡಿದಳು.

"ಹಸೀನಾಬೀ ಮುಂದ ಹೇಳಬ್ಯಾಡ್ರಿ," ಎಂದಳು. "ನೀರು ಈ ಓಣಿಗೇ ಬರಬೇಕಿತ್ತು, ಖರೆ. ಆದ್ರ ನನ್ನ ಕೈ ಎದ್ದದ್ದು ಅದಕ್ಕಲ್ಲ. ನೀವು ಮುಖ ಎತ್ತಲಿ ಅಂತ ಎದ್ದದ್ದು."

ಅವನು ತಲೆಯ ಮೇಲಿನ ಟೊಪ್ಪಿಗೆ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ.

"ನಾ ನಿಮ್ಮ ಕುಲದವ ಅಲ್ಲ," ಎಂದ ಕೊನೆಗೆ. "ನಮ್ಮೂರು ಮುಕ್ಕುಂದದಾಗ ನಮ್ಮವ್ವ ಒಬ್ಬಾಕಿ ಅದಾಳ, ಅಕೀಗೆ ನಿಮ್ಮ ವಿಷಯ ಬರದೀನಿ. ಕರ್ಕೊಂಡು ಬಾ ಅಂದಾಳ. ರಾಯಚೂರಿನ ಕಚೇರ್ಯಾಗ ಸಹಿ ಹಾಕಿ ಮದುವಿ ಆಗಾಕ ಈಗ ಕಾಯಿದೆ ಬಂದೈತಿ. ಒಲ್ಲೆ ಅಂದ್ರೂ ನನ್ನ ಮನಸಿನ್ಯಾಗ ನೀವೇ ಇರ್ತೀರಿ. ಹೂಂ ಅಂತೀರೇನ್ರೀ?"

"ನಗಂಗಿಲ್ಲ, ಅಳಂಗಿಲ್ಲ. ನಿನ್ನೆ ಮನಿ ಬಿಡು ಅಂದ್ರು, ಏನೂ ಅನಿಸಲಿಲ್ಲ. ಈಗ ನೀವು ಇಷ್ಟು ಹೇಳಿದ್ರಿ, ಈಗಲೂ... ಇಂಥಾಕಿನ್ನ ಕಟ್ಟಿಕೊಂಡು ಏನು ಮಾಡ್ತೀರಿ?"

"ಜೊತಿಗಿರ್ತೀನಿ."

ದೂರದಲ್ಲಿ ಮಸ್ಕಿಯ ಬಸ್ಸು ಹಾರ್ನ್ ಹೊಡೆಯಿತು. ಅವಳು ಗಂಟನ್ನು ಬೇವಿನ ಬುಡದಲ್ಲಿಟ್ಟಳು. ಕೈ ಮುಂದೆ ಚಾಚಿದಳು. ಅವನು ಹಿಂದೆ ಮುಂದೆ ನೋಡಿ, ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡ. ಅವನ ಅಂಗೈ ಒರಟು, ಸುಣ್ಣ ಮೆತ್ತಿತ್ತು. ಅಷ್ಟೆಲ್ಲ ಅವಳಿಗೆ ತಿಳಿಯಿತು. ಬಸ್ಸಿನ ಸದ್ದು ಹತ್ತಿರ ಬಂತು, ಓಣಿ ದಾಟಿತು, ಮಸ್ಕಿಯ ದಾರಿ ಹಿಡಿಯಿತು.

"ಏನರ ಅನಿಸಾಕತ್ತೈತೇನ್ರೀ?" ಎಂದ ಮೆಲ್ಲಗೆ.

"ಇಲ್ಲ. ಇನ್ನೂ ಏನೂ ಅನಿಸವಲ್ದು," ಎಂದಳು ಶೇಖರಮ್ಮ. "ಬಿಡಬ್ಯಾಡ."